ನೋಡಿದ್ದೇನೆ, ಸರಿಯಿದೆ

"ಇದನ್ನ ನಾನು ಅಚ್ಚು ಹಾಕಲ್ಲ."

ಅವಳಿಗೆ ತನ್ನ ಕಿವಿಯನ್ನೇ ನಂಬಲಾಗಲಿಲ್ಲ. ಉರಿಬಿಸಿಲಲ್ಲಿ ಎರಡು ಬಸ್ಸು ಬದಲಾಯಿಸಿ, ಮೂರು ಕಡೆ ದಾರಿ ಕೇಳಿಕೊಂಡು ಈ ಪ್ರೆಸ್ಸಿಗೆ ಬಂದಿದ್ದಳು. ಪೆನ್‌ಡ್ರೈವ್ ಕೈಗಿಟ್ಟು ಐದು ನಿಮಿಷವೂ ಆಗಿರಲಿಲ್ಲ. ಕಂಪ್ಯೂಟರಿನ ಮುಂದೆ ಕೂತವನು ತಿರುಗಿ ಕೂಡ ನೋಡದೆ ಹೀಗಂದುಬಿಟ್ಟ!

"ಯಾಕೆ? ಏನಾಗಿದೆ ಇದಕ್ಕೆ?"

"ಪರದೆ ಮೇಲೆ ಚೆನ್ನಾಗೇ ಇದೆ. ಗೋಡೆ ಮೇಲೆ ಹಾಕಿದ್ರೆ ನಗೆಪಾಟಲು."

ನಗೆಪಾಟಲು...! ಎಂಟು ತಿಂಗಳ ಕೆಲಸಕ್ಕೆ ಸಿಕ್ಕ ಬಿರುದು!

ಅವಳು ತಾಯಿ-ಮಕ್ಕಳ ಆರೋಗ್ಯ ಕಚೇರಿಯಲ್ಲಿ ಸಂಖ್ಯಾಶಾಸ್ತ್ರದ ಹುಡುಗಿ. ಹತ್ತಾರು ಕ್ಲಿನಿಕ್ಕುಗಳ ನರ್ಸುಗಳು ಸಾವಿರಾರು ಕೂಸುಗಳನ್ನು ತಕ್ಕಡಿಯ ಮೇಲೆ ಮಲಗಿಸಿ ತೂಗಿ ಕಳಿಸಿದ್ದರು. ಆ ತೂಕಗಳನ್ನೆಲ್ಲ ಸಾಫ್ಟ್‌ವೇರಿಗೆ ಉಣಿಸಿ, ಎಷ್ಟನೇ ತಿಂಗಳಿಗೆ ಎಷ್ಟು ತೂಕವಿರಬೇಕು ಎಂದು ಐದು ಗೆರೆಗಳಲ್ಲಿ ತೋರಿಸುವ ಎರಡು ನಕ್ಷೆ ಬರೆದಿದ್ದಳು. ಹುಡುಗಿಯರಿಗೊಂದು, ಹುಡುಗರಿಗೊಂದು. ಅವು ದೊಡ್ಡ ಪಟಗಳಾಗಿ ಎಲ್ಲ ಕ್ಲಿನಿಕ್ಕುಗಳ ಗೋಡೆಗೂ ಹೋಗಬೇಕಿತ್ತು.

ಅವಳ ಕೆಲಸವಿನ್ನೂ ಕಾಯಂ ಆಗಿರಲಿಲ್ಲ. "ಪಟ ಗೋಡೆಗೆ ಬಂದ ದಿನ ನಿನ್ನ ಕಾಗದಕ್ಕೆ ಸಹಿ," ಎಂದು ಮೇಲಧಿಕಾರಿ ಮೇಡಂ ಮಾತು ಕೊಟ್ಟಿದ್ದರು. ಇಲ್ಲಿ ನೋಡಿದರೆ ಈ ಮಹಾನುಭಾವ!

"ಇಲ್ಲಿ ಬನ್ನಿ," ಎಂದ ಅವನು.

ನಕ್ಷೆಯನ್ನು ಪರದೆಯ ಮೇಲೆ ದೊಡ್ಡದು ಮಾಡುತ್ತಾ ಹೋದ. ಅವಳ ನುಣುಪಾದ ಗೆರೆ ಮೊದಲು ಮಸುಕಾಯಿತು, ಆಮೇಲೆ ಮೆಟ್ಟಿಲು ಮೆಟ್ಟಿಲಾಯಿತು.

"ನೀವು ಪರದೆ ಮೇಲೆ ಕಂಡಿದ್ದನ್ನ ಹಾಗೇ ಉಳಿಸಿಕೊಂಡು ಬಂದಿದ್ದೀರಿ. ಅಂಗುಲಕ್ಕೆ ಎಪ್ಪತ್ತೆರಡೇ ಚುಕ್ಕಿ. ನನಗೆ ಮುನ್ನೂರು ಬೇಕು. ಅದೂ ಬೇಡ, ಗೆರೆಯನ್ನ ಗೆರೆಯಾಗೇ ಇಟ್ಕೊಳ್ಳೋ ಪಿಡಿಎಫ್ ಕೊಡಿ. ಅಗಲ ಎತ್ತರ ಮೊದಲೇ ಹೇಳಿ ಉಳಿಸಿ. ಆಮೇಲೆ ಆನೆ ಗಾತ್ರ ಮಾಡಿದ್ರೂ ಗೆರೆ ಹಾಳಾಗಲ್ಲ."

"ಚುಕ್ಕಿ ಎಣಿಸೋದು ಬಿಟ್ಟು ನಿಮಗೆ ಬೇರೆ ಕೆಲಸ ಇಲ್ವಾ?"

"ಇದೇ ನನ್ನ ಕೆಲಸ," ಎಂದು ಅವನು ಮೊದಲ ಸಲ ತಿರುಗಿ ನೋಡಿದ.

ನೋಡಿದವನ ಕೈ ಮೌಸಿನ ಮೇಲೇ ನಿಂತುಬಿಟ್ಟಿತು. ಅವಳಿಗೆ ಅದು ಗೊತ್ತಾಗಲಿಲ್ಲ. ಅವಳ ಕೋಪ ಆಗ ಮೂಗಿನ ತುದಿಯಲ್ಲಿತ್ತಲ್ಲ!

ಗೊತ್ತಾದದ್ದು ಕೌಂಟರಿನಲ್ಲಿ ಕೂತಿದ್ದ ಅವನ ಸೋದರತ್ತೆಗೆ. ಪ್ರೆಸ್ಸಿನ ಒಡತಿ ಅವರೇ. "ಬೇಜಾರು ಮಾಡ್ಕೋಬೇಡಮ್ಮಾ," ಎಂದರು ಕನ್ನಡಕದ ಮೇಲಿಂದ ನೋಡುತ್ತಾ. "ಹೋದ ವಾರ ಸ್ವಂತ ಅಕ್ಕನ ಅಂಗಡಿ ಬೋರ್ಡನ್ನೇ ಹಾಕಲ್ಲ ಅಂದ. ನೀನು ಹೊರಗಿನೋಳು, ನಿನಗೆ ರಿಯಾಯಿತಿ ಎಲ್ಲಿ ಸಿಗುತ್ತೆ?"

ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವಳು ಒಳಗೊಳಗೇ ಕುದಿಯುತ್ತಿದ್ದಳು. 'ಚುಕ್ಕಿರಾಯ! ಚುಕ್ಕಿ ಎಣಿಸ್ಕೊಂಡೇ ಸಾಯಲಿ!'

ಹೆಸರು ಅಲ್ಲಿಂದಲೇ ಅಂಟಿಕೊಂಡಿತು.

ಎರಡು ದಿನ ಬಿಟ್ಟು ಪಿಡಿಎಫ್ ಹಿಡಿದು ಗೆದ್ದವಳ ಹಾಗೆ ಒಳಗೆ ಬಂದಳು. ಅವನು ಫೈಲನ್ನು ಒತ್ತಿದ. ಅದು ತೆರೆಯಲೇ ಇಲ್ಲ.

"ಫೈಲ್ ಮುಚ್ಚಿದ್ರಾ?"

"ಏನನ್ನ ಮುಚ್ಚೋದು?"

"ನಿಮ್ಮದೇ ಸಾಫ್ಟ್‌ವೇರ್‌ನಲ್ಲಿ ಮಾಡ್ಕೊಂಡು ಬರೋ ಮೇಷ್ಟ್ರೊಬ್ಬರಿದ್ದಾರೆ. ಫೈಲ್ ತೆರಿ ಅಂತ ಒಂದು ಸಾಲು ಬರೀತಾರೆ, ನಕ್ಷೆ ಎಳೀತಾರೆ, ಕೊನೇಲಿ ಮುಚ್ಚು ಅಂತ ಬರೆಯೋದು ಮರೀತಾರೆ. ಮುಚ್ಚೋ ತನಕ ಒಳಗೆ ಏನೂ ಕೂತಿರಲ್ವಂತೆ. ನೀವು ತಂದಿರೋದು ಖಾಲಿ ಡಬ್ಬಿ."

ಅವಳು ನಾಲಿಗೆ ಕಚ್ಚಿಕೊಂಡಳು. ಹೌದು... ಕೊನೆಯ ಸಾಲು! ಬೆಳಿಗ್ಗೆ ಮೇಡಂ ಕೂಗಿದರೆಂದು ಅರ್ಧಕ್ಕೇ ಎದ್ದು ಹೋಗಿದ್ದಳು.

ಅವನು ನಗುತ್ತಾನೆಂದು ಕಾದಳು. ಅವನು ನಗಲಿಲ್ಲ. "ಮೇಷ್ಟ್ರು ಐದು ಸಲ ಓಡಾಡಿದ್ರು. ನಿಮ್ಮದು ಎರಡೇ," ಎಂದು ಅವಳ ಮುಂದೆ ಟೀ ಲೋಟ ಇಟ್ಟ.

ಅವತ್ತು ಅವಳಿಗೆ ಸಿಟ್ಟು ಬರಲಿಲ್ಲ. ಯಾಕೆ ಬರಲಿಲ್ಲ ಎಂದು ಬಸ್ಸಿನಲ್ಲಿ ಯೋಚಿಸಿದಳು.

ಮೂರನೆಯ ಸಲ ಫೈಲ್ ತೆರೆದುಕೊಂಡಿತು. ಗೆರೆ ಗೆರೆಯಾಗೇ ಇತ್ತು. ಆದರೆ ಅಕ್ಷರವಿರಬೇಕಾದ ಕಡೆಯೆಲ್ಲ ಸಾಲು ಸಾಲು ಖಾಲಿ ಚೌಕಗಳು! ಕಚೇರಿಯ ಕಂಪ್ಯೂಟರಿನಲ್ಲಿ ಮುತ್ತಿನ ಹಾಗಿದ್ದ ಕನ್ನಡ ಅಕ್ಷರಗಳನ್ನು ಪಿಡಿಎಫ್ ನುಂಗಿ ಕೂತಿತ್ತು.

ಅವಳ ಕಣ್ಣಲ್ಲಿ ನೀರಾಡಿತು. "ನನ್ನಿಂದ ಇದು ಆಗೋದಿಲ್ಲ ಅನ್ಸುತ್ತೆ..."

"ಅಕ್ಷರ ನನಗೆ ಬಿಡಿ," ಎಂದ ಅವನು ಮೆಲ್ಲಗೆ. "ತಲೆಬರಹ, ತಿಂಗಳು, ತೂಕ, ಎಲ್ಲ ಇಲ್ಲಿ ನಾನು ಕೂರಿಸ್ತೀನಿ. ನೀವು ಬರೀ ಗೆರೆ ಕೊಡಿ, ಗೆರೆ ಮೇಡಂ."

ಗೆರೆ ಮೇಡಂ! ಅಳು ಬರಬೇಕಾದ ಜಾಗದಲ್ಲಿ ನಗು ಬಂತು.

ಅಲ್ಲಿಂದ ಮಧ್ಯಾಹ್ನಗಳು ಪ್ರೆಸ್ಸಿನಲ್ಲೇ ಕಳೆಯತೊಡಗಿದವು. ಮಸಿಯ ವಾಸನೆ, ಕಾಗದ ಕತ್ತರಿಸುವ ಯಂತ್ರದ ಧಡಾರ್ ಸದ್ದು, ಹಾಳಾದ ಹಾಳೆ ಮಡಚಿ ಮಾಡಿದ ಬೀಸಣಿಗೆ ಹಿಡಿದ ಸೋದರತ್ತೆ... ಇವೆಲ್ಲದರ ನಡುವೆ ಇಬ್ಬರೂ ತಲೆಗೆ ತಲೆ ತಾಗುವಷ್ಟು ಹತ್ತಿರ ಕೂತು ಗೆರೆಯ ದಪ್ಪದ ಬಗ್ಗೆ ಜಗಳವಾಡುತ್ತಿದ್ದರು.

"ಇದನ್ನ ತುಂಡುಗೆರೆ ಮಾಡಿ," ಎನ್ನುತ್ತಿದ್ದ ಅವನು. "ಕ್ಲಿನಿಕ್ಕಿನ ಕಿಟಕಿ ಎದುರು ಹಾಕ್ತಾರೆ, ಬಿಸಿಲಿಗೆ ಬಣ್ಣ ಹೋಗುತ್ತೆ. ಬಣ್ಣ ಹೋದ್ರೂ ಯಾವ ಗೆರೆ ಯಾವುದು ಅಂತ ನರ್ಸಿಗೆ ಗೊತ್ತಾಗಬೇಕು."

ಅವಳು ಕೆಲಸ ನಿಲ್ಲಿಸಿ ಅವನನ್ನೇ ನೋಡಿದಳು. ಕಚೇರಿಯಲ್ಲಿ ಎಲ್ಲರೂ ಕೇಳುತ್ತಿದ್ದದ್ದು ಒಂದೇ ಮಾತು, ಯಾವಾಗ ಮುಗಿಯುತ್ತೆ? ಇವನೊಬ್ಬ ಮಾತ್ರ ಅವಳ ಗೆರೆಗಳು ನಾಲ್ಕು ವರ್ಷ ಬಿಟ್ಟು ಹೇಗೆ ಕಾಣುತ್ತವೆ ಎಂದು ಯೋಚಿಸುತ್ತಿದ್ದ.

ಒಂದು ದಿನ ಅವನು ಕೆಳಗಿನ ಗೆರೆಯ ಮೇಲೆ ಬೆರಳಿಟ್ಟು ಹಿಂಜರಿಯುತ್ತಾ ಕೇಳಿದ. "ನಮ್ಮಕ್ಕನ ಮಗಳ ತೂಕ ಈ ಗೆರೆ ಮೇಲೆ ಬರುತ್ತೆ. ಏನಾದ್ರೂ ತೊಂದ್ರೆನಾ?"

"ಹೋದ ತಿಂಗಳೂ ಇದೇ ಗೆರೆ ಮೇಲಿದ್ಲಾ? ಅದರ ಹಿಂದೆ?"

"ಹುಟ್ಟಿದಾಗಿಂದ್ಲೂ."

"ಹಾಗಾದ್ರೆ ಅವಳು ಸಣ್ಣ ಕೂಸು, ಅಷ್ಟೇ. ಕೆಳಗಿನ ಗೆರೇಲಿ ಇರೋದು ತಪ್ಪಲ್ಲ. ಹಿಡಿದ ಗೆರೆ ಬಿಟ್ಟು ಇಳೀತಾ ಹೋದ್ರೆ ಮಾತ್ರ ಚಿಂತೆ."

ಅವನ ಮುಖ ಇಷ್ಟಗಲವಾಯಿತು. ತಕ್ಷಣ ಅಕ್ಕನಿಗೆ ಫೋನು ಮಾಡಿದ. "ಅಕ್ಕಾ, ಏನೂ ಇಲ್ವಂತೆ ಕಣೇ! ಗೆರೆ ಮೇಡಂ ಹೇಳಿದ್ರು!"

ಅವತ್ತು ಸಂಜೆ ಅವಳ ಮನೆಯಲ್ಲಿ ಅವಳ ಅಕ್ಕ ಬಟ್ಟೆ ಮಡಚುತ್ತಾ ಅಂದಳು. "ಬಂದಾಗಿಂದ ಆರು ಸಲ ಚುಕ್ಕಿರಾಯ ಅಂದೆ. ನಿಮ್ಮ ಭಾವನ ಹೆಸರನ್ನ ನಾನು ವಾರದಲ್ಲಿ ಅಷ್ಟು ಸಲ ಹೇಳಲ್ಲ."

"ಹೋಗೇ! ಕೆಲಸದ ವಿಷಯ ಅದು!"

"ಹೌದ್ಹೌದು. ಕೆಲಸದ ವಿಷಯಕ್ಕೆ ಕಿವಿ ಯಾಕೆ ಕೆಂಪಗಾಗುತ್ತೆ?"

ಕೊನೆಗೆ ಪಟ ಅಚ್ಚಿಗೆ ಹೋಗಬೇಕಾದ ಶನಿವಾರ ಬಂತು.

ಪ್ರೆಸ್ಸಿನಲ್ಲೊಂದು ಪದ್ಧತಿಯಿತ್ತು. ಅಚ್ಚಿಗೆ ಹೋಗುವ ಮುಂಚೆ ಪ್ರೂಫ್ ಹಾಳೆಗಳನ್ನು ಅವನು ಗಾಜಿನಡಿ ದೀಪವಿರುವ ಬೆಳಕಿನ ಮೇಜಿನ ಮೇಲೆ ಒಂದರ ಮೇಲೊಂದಿಟ್ಟು ಪರೀಕ್ಷಿಸಬೇಕು. ಆಮೇಲೆ ಗಿರಾಕಿ ನೋಡಿ, ಹಾಳೆಯ ಮೂಲೆಯಲ್ಲಿ 'ನೋಡಿದ್ದೇನೆ, ಸರಿಯಿದೆ' ಎಂದು ಸ್ವಂತ ಕೈಯಲ್ಲಿ ಬರೆದು ಸಹಿ ಹಾಕಬೇಕು. ಅದಿಲ್ಲದೆ ಯಂತ್ರ ಶುರುವಾಗುತ್ತಿರಲಿಲ್ಲ. ಸೋದರತ್ತೆಯ ಕಟ್ಟಪ್ಪಣೆ.

ಮಧ್ಯಾಹ್ನ ಅವನ ಮೆಸೇಜು ಬಂದಿತ್ತು. 'ಕೊನೇ ಫೈಲ್ ಇವತ್ತೇ ಕೊಡಿ. ಟೀ ಇಟ್ಟಿದ್ದೀನಿ.'

ಅವಳಿಗೆ ರೆಕ್ಕೆ ಬಂದಂತಾಯಿತು. ಅಗಲ, ಎತ್ತರ ಕೊಟ್ಟು ಒಂದೇ ಸಾಲಿನಲ್ಲಿ ಉಳಿಸುವುದನ್ನು ಈಗ ಕಲಿತಿದ್ದಳು. ತೆರೆಯುವುದು, ಮುಚ್ಚುವುದು ಎಲ್ಲ ಅದೇ ನೋಡಿಕೊಳ್ಳುತ್ತಿತ್ತು. ಹುಡುಗಿಯರ ನಕ್ಷೆ ಉಳಿಸಿದಳು, ಹುಡುಗರ ನಕ್ಷೆ ಉಳಿಸಿದಳು, ಕನ್ನಡಿ ನೋಡಿ ತಲೆ ಬಾಚಿಕೊಂಡಳು, ಓಡಿದಳು.

ಸಂಜೆಗೆ ಅವನು ಅಕ್ಷರ ಕೂರಿಸಿ ಪ್ರೂಫ್ ತೆಗೆದ. ಕಿಟಕಿಯಿಂದ ಬಂದ ಬಿಸಿಲು ಅವನ ಮಸಿ ಹತ್ತಿದ ಬೆರಳುಗಳ ಮೇಲೆ ಬಿದ್ದಿತ್ತು. ಅವಳು ಆ ಬೆರಳುಗಳನ್ನು ನೋಡುತ್ತಾ, ಎರಡೂ ಹಾಳೆಯ ಮೂಲೆಯಲ್ಲಿ ಬರೆದಳು. 'ನೋಡಿದ್ದೇನೆ, ಸರಿಯಿದೆ.'

ಮುಂದಿನ ಬುಧವಾರ ಪಟಗಳ ಕಟ್ಟು ಕಚೇರಿಗೆ ಬಂತು. ಮೇಡಂ ತಾವೇ ಎರಡು ಪಟ ಬಿಚ್ಚಿ ಮೇಜಿನ ಮೇಲೆ ಅಕ್ಕಪಕ್ಕ ಹರಡಿದರು. ಒಂದರ ಗೆರೆಯಿಂದ ಇನ್ನೊಂದರ ಗೆರೆಗೆ ಬೆರಳು ಸರಿಸುತ್ತಾ ಹೋದರು.

"ತಲೆಬರಹ ಬೇರೆ ಬೇರೆ. ಗೆರೆ ಮಾತ್ರ ಎರಡರಲ್ಲೂ ಹುಡುಗಿಯರದ್ದೇ."

ಅವಳು ಬಗ್ಗಿ ಎರಡನ್ನೂ ನೋಡಿದಳು. ಹುಡುಗಿಯರ ಗೆರೆ ಹುಡುಗರದ್ದಕ್ಕಿಂತ ಕೆಳಗಿರುತ್ತದೆ. ಈ ಪಟ ಗೋಡೆಗೆ ಹೋಗಿದ್ದರೆ, ಸೊರಗಿದ ಗಂಡುಕೂಸನ್ನು ತೂಗಿದ ನರ್ಸು 'ಪರವಾಗಿಲ್ಲ, ಸರಿಯಾಗಿದ್ದಾನೆ' ಎಂದು ಮನೆಗೆ ಕಳಿಸಿಬಿಡುತ್ತಿದ್ದಳು!

ಪ್ರೆಸ್ಸಿಗೆ ಫೋನು ಹೋಯಿತು. ಒಂದು ಗಂಟೆಯಲ್ಲಿ ಅವನು ಬಂದು ನಿಂತ.

"ಇದು ಹೇಗಾಯ್ತು?" ಮೇಡಂ ಕೇಳಿದರು.

ಅವನು ಪಟಗಳನ್ನು ನೋಡಲೇ ಇಲ್ಲ. ಅವಳ ಬಿಳಿಚಿದ ಮುಖವನ್ನು ಒಂದು ಸಲ ನೋಡಿದ. ಆಮೇಲೆ ತಲೆ ತಗ್ಗಿಸಿ ಅಂದ. "ತಪ್ಪು ನಮ್ಮದೇ ಮೇಡಂ. ಪ್ರೆಸ್ಸಿನಲ್ಲಿ ಫೈಲ್ ಅದಲು ಬದಲಾಗಿದೆ."

"ಅಷ್ಟು ಸಲೀಸಾಗಿ ಹೇಳ್ತೀರಲ್ಲ! ಇನ್ಮೇಲೆ ನಮ್ಮ ಕಚೇರಿ ಕೆಲಸ ನಿಮಗಿಲ್ಲ. ಬೇರೆ ಕಡೆ ಮಾಡಿಸ್ತೀವಿ."

ಆ ಪ್ರೆಸ್ಸಿಗೆ ಬರುವ ಕೆಲಸದಲ್ಲಿ ಅರ್ಧ ಈ ಕಚೇರಿಯದ್ದೇ. ಅವನು ಆಯಿತೆಂಬಂತೆ ತಲೆಯಾಡಿಸಿ ಹೊರಗೆ ನಡೆದ.

ಅವಳು ಹಿಂದೆಯೇ ಓಡಿ ಮೆಟ್ಟಿಲ ಬಳಿ ಅವನನ್ನು ನಿಲ್ಲಿಸಿದಳು. ನಂಬಿಕೆಗೆ ಪೆಟ್ಟು ಬಿದ್ದಾಗ ಮನುಷ್ಯರಿಗೆ ಬಾಯಿ ಹಿಡಿತದಲ್ಲಿರುವುದಿಲ್ಲ ನೋಡಿ!

"ಅಂಗುಲಕ್ಕೆ ಮುನ್ನೂರು ಚುಕ್ಕಿ ಎಣಿಸೋರಿಗೆ ಎರಡೇ ಎರಡು ಫೈಲ್ ಸರಿಯಾಗಿ ಇಟ್ಕೊಳ್ಳೋಕೆ ಬರಲಿಲ್ವಾ? ಮಕ್ಕಳ ಜೀವದ ವಿಷಯ ಇದು! ನಿಮ್ಮನ್ನ ನಂಬಿದ್ದೇ ನನ್ನ ತಪ್ಪು!"

ಅವನ ಮುಖ ಬಾಡಿತು.

"ಹೊಸ ಫೈಲ್ ಮಾಡುವಾಗ..." ಎಂದ ಕೊನೆಗೆ, "ಸ್ವಲ್ಪ ನಿಧಾನವಾಗಿ ಉಳಿಸಿ."

ಅಷ್ಟೇ! ಅಷ್ಟು ಹೇಳಿ ಮೆಟ್ಟಿಲಿಳಿದು ಹೋದ.

'ನನಗೇ ಬುದ್ಧಿ ಹೇಳ್ತಾನೆ!' ಅವಳಿಗೆ ಅಳು ಉಕ್ಕಿತು. ತಪ್ಪು ಮಾಡಿದನೆಂದು ಅಳುವೋ, ಇನ್ನು ಆ ಮಧ್ಯಾಹ್ನಗಳಿಲ್ಲವೆಂದು ಅಳುವೋ, ಅವಳಿಗೇ ತಿಳಿಯಲಿಲ್ಲ.

ಮರುದಿನ ಬೆಳಿಗ್ಗೆ ಬೇರೆ ಪ್ರೆಸ್ಸಿಗೆ ಕಳಿಸಲೆಂದು ಹಳೆಯ ಫೈಲುಗಳಿದ್ದ ಫೋಲ್ಡರ್ ತೆರೆದಳು. ಹುಡುಗಿಯರು. ಹುಡುಗರು. ಎರಡು ಹೆಸರು ಒಂದರ ಕೆಳಗೊಂದು.

ಅಂಕಿ ನೋಡುವುದೇ ಅವಳ ಕಸುಬಲ್ಲವೇ? ಕಣ್ಣು ತಾನಾಗಿ ಬಲಗಡೆಯ ಅಂಕಿಗಳ ಮೇಲೆ ಹೋಯಿತು. ಎರಡೂ ಫೈಲಿನ ಗಾತ್ರ ಕೊನೆಯ ಅಂಕಿಯವರೆಗೂ ಒಂದೇ.

ಎರಡು ಬೇರೆ ನಕ್ಷೆಗೆ ಒಂದೇ ಗಾತ್ರ ಹೇಗೆ?

ಫೈಲುಗಳನ್ನು ತೆರೆದಳು. ಎರಡರಲ್ಲೂ ಹುಡುಗಿಯರ ಗೆರೆ. ಪ್ರೆಸ್ಸಿನಲ್ಲಲ್ಲ... ಇಲ್ಲೇ! ಅವಳದೇ ಕಂಪ್ಯೂಟರಿನಲ್ಲಿ!

ಶನಿವಾರ ಬರೆದ ಸಾಲುಗಳನ್ನು ಓದಿದಳು. ಹುಡುಗಿಯರ ನಕ್ಷೆಯನ್ನು ಪರದೆಯ ಮೇಲೆ ತೋರಿಸಿ ಉಳಿಸಿದ್ದಳು. ಹುಡುಗರ ನಕ್ಷೆಯನ್ನು ಬರೆದಿದ್ದಳು, ಆತುರದಲ್ಲಿ ಪರದೆಗೆ ತಂದಿರಲಿಲ್ಲ. ಯಾವ ನಕ್ಷೆಯೆಂದು ಹೇಳದೆ ಬರೀ ಉಳಿಸು ಎಂದರೆ, ಆ ಸಾಫ್ಟ್‌ವೇರು ಪರದೆಯ ಮೇಲೆ ಕೊನೆಗೆ ಕಂಡದ್ದನ್ನೇ ಉಳಿಸುತ್ತದೆ. ಹುಡುಗರ ಹೆಸರಿನಲ್ಲಿ ಹುಡುಗಿಯರ ಗೆರೆ ಕೂತದ್ದು ಹಾಗೆ.

'ನಿಧಾನವಾಗಿ ಉಳಿಸಿ...'

ಅವನಿಗೆ ಗೊತ್ತಿತ್ತು! ಫೋನು ಬಂದ ಕೂಡಲೇ ಫೈಲ್ ನೋಡಿಕೊಂಡೇ ಬಂದಿದ್ದ. ಗೊತ್ತಿದ್ದೂ ತಪ್ಪು ತನ್ನದೆಂದ. ಗೊತ್ತಿದ್ದೂ ಮೆಟ್ಟಿಲ ಬಳಿ ಅವಳ ಬಾಯಿಗೆ ಬಂದದ್ದನ್ನೆಲ್ಲ ಕೇಳಿಸಿಕೊಂಡ. ಕಾಯಂ ಕಾಗದದ ವಿಷಯ ಅವಳೇ ಅವನಿಗೆ ಹೇಳಿದ್ದಳು, ಟೀ ಕುಡಿಯುತ್ತಾ.

'ಅಯ್ಯೋ, ಏನು ಮಾಡಿಬಿಟ್ಟೆ ನಾನು...!'

ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ. ಹೊಸ ಫೈಲ್, ಹೊಸ ಪ್ರೆಸ್ಸು, ಕಾಗದಕ್ಕೆ ಸಹಿ. ಒಂದು ನಿಮಿಷ ಹಾಗೇ ಕೂತಿದ್ದಳೆಂಬುದನ್ನು ನಾನೇಕೆ ಮುಚ್ಚಿಡಲಿ? ಒಂದೇ ನಿಮಿಷ. ಆಮೇಲೆ ಎದ್ದು ಮೇಡಂ ಕೋಣೆಯ ಬಾಗಿಲು ತಟ್ಟಿದಳು.

ಎಲ್ಲ ಕೇಳಿದ ಮೇಲೆ ಮೇಡಂ ಪೆನ್ನಿನ ಕ್ಯಾಪು ಹಾಕಿದರು. "ಹೇಳದಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ."

"ಅವರಿಗೆ ಗೊತ್ತಿತ್ತು ಮೇಡಂ. ಅವರ ಪ್ರೆಸ್ಸಿನ ಹೆಸರು ಕೆಡಿಸಿ ನನ್ನ ಕೆಲಸ ಉಳಿಸ್ಕೊಳ್ಳೋಕೆ ನನ್ನಿಂದಾಗಲ್ಲ."

ಮೇಜಿನ ಮೇಲಿದ್ದ ಅವಳ ಕಾಗದವನ್ನು ಮೇಡಂ ಡ್ರಾಯರಿನೊಳಗೆ ಇಟ್ಟರು. "ಇದು ಇನ್ನು ಆರು ತಿಂಗಳು ಇಲ್ಲೇ ಇರುತ್ತೆ."

"ಸರಿ ಮೇಡಂ."

"ಪಟ ಯಾವ ಪ್ರೆಸ್ಸಿಗೆ ಕೊಡ್ತೀಯ?"

"ಅದೇ ಪ್ರೆಸ್ಸಿಗೆ ಮೇಡಂ... ನೀವು ಒಪ್ಪಿದ್ರೆ."

ಮೇಡಂ ಅವಳನ್ನು ಅಳೆಯುವಂತೆ ನೋಡಿದರು. ತುಟಿಯ ಅಂಚಿನಲ್ಲಿ ನಗು ಸುಳಿದು ಹೋಯಿತು. "ಹೋಗು. ಈ ಸಲ ಪ್ರೂಫ್ ನಾನೂ ನೋಡ್ತೀನಿ."

ಪ್ರೆಸ್ಸಿನ ಕೌಂಟರಿನಲ್ಲಿ ಸೋದರತ್ತೆ ಬೀಸಣಿಗೆ ಬೀಸುತ್ತಿದ್ದರು. ಅವಳು ಬೀಸಣಿಗೆಯನ್ನೇ ದಿಟ್ಟಿಸಿದಳು. ಅದು ಅವಳದೇ ಪಟದ ಹಾಳೆ.

"ಬಾಮ್ಮಾ. ನಿನ್ನೆಯಿಂದ ಅವನು ಟೀ ಕುಡಿದಿಲ್ಲ, ಯಾರ ಕೆಲಸನೂ ಹಾಕಲ್ಲ ಅಂದಿಲ್ಲ. ಕೊಟ್ಟಿದ್ದನ್ನೆಲ್ಲ ಅಚ್ಚು ಹಾಕ್ತಿದ್ದಾನೆ. ನನಗೆ ಭಯ ಆಗ್ತಿದೆ."

ಅವನು ಬೆಳಕಿನ ಮೇಜಿನ ಬಳಿ ಬೆನ್ನು ಹಾಕಿ ನಿಂತಿದ್ದ.

"ನನ್ನ ತಪ್ಪನ್ನ ನೀವ್ಯಾಕೆ ಹೊತ್ಕೊಂಡ್ರಿ?" ಅವಳ ದನಿ ಒಡೆಯಿತು.

ಅವನು ಬೆಚ್ಚಿ ತಿರುಗಿದ. "ನಿಮಗೆ ಹೇಗೆ..."

"ಮೇಡಂಗೆ ಎಲ್ಲ ಹೇಳಿ ಬಂದಿದ್ದೀನಿ. ಕಾಗದ ಆರು ತಿಂಗಳು ಮುಂದಕ್ಕೆ ಹೋಯ್ತು. ನಿಮ್ಮ ಪ್ರೆಸ್ಸು ಉಳೀತು. ಈಗ ಹೇಳಿ, ಯಾಕೆ? ನನ್ನ ಮೇಲೆ ಕನಿಕರಾನಾ?"

"ಕನಿಕರ?" ಅವನು ತಲೆಯಾಡಿಸಿದ. "ನಾನು ಸುಳ್ಳು ಹೇಳಿದ್ದು ಅರ್ಧ ಮಾತ್ರ. ಫೈಲ್ ಅದಲು ಬದಲಾಗಿದ್ದು ಇಲ್ಲಲ್ಲ, ನಿಜ. ಆದ್ರೆ ಎರಡು ಹಾಳೆ ಒಂದರ ಮೇಲೊಂದಿಟ್ಟು ನೋಡೋದು ನನ್ನ ಕೆಲಸ. ಇಟ್ಟಿದ್ರೆ ಒಂದು ಕ್ಷಣದಲ್ಲಿ ಗೊತ್ತಾಗ್ತಿತ್ತು. ಹದಿಮೂರು ವರ್ಷದಲ್ಲಿ ಅವತ್ತೊಂದು ದಿನ ಇಡಲಿಲ್ಲ."

"ಯಾಕೆ ಇಡಲಿಲ್ಲ?"

ಅವನು ಕೈಯ ಮಸಿಯನ್ನು ಬಟ್ಟೆಗೆ ಒರೆಸಿದ. ಒರೆಸಿದ ಕೈಯನ್ನೇ ಮತ್ತೆ ಒರೆಸಿದ.

"ಅವತ್ತು ನಾನು ಪ್ರೂಫ್ ನೋಡ್ತಿರಲಿಲ್ಲ. ನಿಮ್ಮನ್ನ ನೋಡ್ತಿದ್ದೆ."

ಕೌಂಟರಿನಲ್ಲಿ ಬೀಸಣಿಗೆಯ ಸದ್ದು ನಿಂತಿತು.

ಅವಳ ಕಣ್ಣು ತುಂಬಿ ಬಂತು. "ನಿಮ್ಮನ್ನ ನಂಬಿದ್ದೇ ತಪ್ಪು ಅಂದೆನಲ್ಲ... ಆ ಮಾತು ವಾಪಸ್ ತಗೋತೀನಿ. ತಗೋಬಹುದಾ?"

"ನೀವು ಅಂದ ಮೇಲೆ ಎರಡು ದಿನ ಎಲ್ಲ ಹಾಳೆ ಮೇಲೂ ಅದೇ ಮಾತು ಅಚ್ಚಾದ ಹಾಗೆ ಕಾಣ್ತಿತ್ತು. ಈಗ ಅಳಿಸಿ ಹೋಯ್ತು."

"ಒಂದೇ ದಿನ ಆಗಿರೋದು, ಚುಕ್ಕಿರಾಯರೇ."

"ಏನಂದ್ರಿ? ಚುಕ್ಕಿ... ರಾಯ?"

ಬಾಯಿ ತಪ್ಪಿ ಬಂದಿತ್ತು. ಅವಳು ಎರಡು ಕೈಯಲ್ಲಿ ಮುಖ ಮುಚ್ಚಿಕೊಂಡಳು. ಅವನು ನಕ್ಕ. ಅವಳು ಬೆರಳ ಸಂದಿಯಿಂದ ಆ ನಗುವನ್ನು ನೋಡಿದಳು.

"ಲೋ," ಸೋದರತ್ತೆ ಕೂಗಿದರು, "ನಕ್ಕಿದ್ದು ಸಾಕು, ಹುಡುಗಿ ತಂದ ಫೈಲ್ ತೆಗಿ!"

ಈ ಸಲ ಅವಳು ಯಾವ ನಕ್ಷೆಯೆಂದು ಹೆಸರು ಹೇಳಿ ಉಳಿಸಿ, ಮತ್ತೆ ತೆರೆದು ನೋಡಿ ತಂದಿದ್ದಳು. ಅವನು ಅಕ್ಷರ ಕೂರಿಸಿದ, ಪ್ರೂಫ್ ತೆಗೆದ, ಎರಡು ಹಾಳೆಯನ್ನು ಒಂದರ ಮೇಲೊಂದಿಟ್ಟು ಮೇಜಿನ ದೀಪ ಹಾಕಿದ. ಹುಡುಗರ ಗೆರೆ ಹುಡುಗಿಯರ ಗೆರೆಗಿಂತ ತುಸು ಮೇಲೆ, ಬೇರೆಯಾಗಿ, ಸ್ಪಷ್ಟವಾಗಿ ಕಂಡಿತು. ಇಬ್ಬರೂ ಒಟ್ಟಿಗೆ ಉಸಿರು ಬಿಟ್ಟರು.

ಅವನು ಪೆನ್ನು ಮುಂದೆ ಹಿಡಿದ. "ಬರೀರಿ, ಗೆರೆ ಮೇಡಂ."

"ಇರಿ. ಅವತ್ತು ನಾನೂ ಪ್ರೂಫ್ ನೋಡಿರಲಿಲ್ಲ."

"ಮತ್ತೆ ಏನು ನೋಡ್ತಿದ್ರಿ?"

ಅವಳು ಅವನ ಮಸಿಬೆರಳುಗಳಿಂದ ಪೆನ್ನು ತೆಗೆದುಕೊಂಡಳು. ತೆಗೆದುಕೊಂಡ ಮೇಲೂ ಬೆರಳು ಬಿಡಲಿಲ್ಲ.

"ಈ ಸಲ ಒಂದೊಂದೇ ತಿಂಗಳು ನೋಡಿ ಸಹಿ ಹಾಕ್ತೀನಿ. ಬಹಳ ಹೊತ್ತಾಗುತ್ತೆ. ನಿಮಗೇನಾದ್ರೂ ಅವಸರಾನಾ?"

"ಇಲ್ಲ," ಎಂದ ಅವನು. "ಯಾವ ಅವಸರನೂ ಇಲ್ಲ."

"ಹಾಗಾದ್ರೆ ಪಕ್ಕದಲ್ಲಿ ಕೂತ್ಕೋ."

ಅವನು ಕುರ್ಚಿ ಎಳೆದುಕೊಂಡು ಕೂತ.